ಅವರು ಯಾಕೆ ಕುಡಿಯುತ್ತಾರೆ ಅಂತ ಕೇಳುವ ಮುಂಚೆ

ಬೇಟೆ, ಜೇನು, ಗೆಡ್ಡೆಗೆಣಸು ನಂಬಿ ಬದುಕಿದ ಜನರ ಮಾತು ಬಂದರೆ ಸಾಕು, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಏನು ಕೊಟ್ಟರೂ ಕುಡಿದು ಹಾಳು ಮಾಡ್ತಾರೆ ಬಿಡಿ." ಕೇಳಿದರೆ ಮೈ ಉರಿಯುತ್ತದೆ. ಕುಡಿತ ಅವರ ರಕ್ತದಲ್ಲೇ ಇದೆ ಅನ್ನುವ ಹಾಗೆ! ಆಸ್ಟ್ರೇಲಿಯಾದ ಸಮೀಕ್ಷೆಗಳ ಪ್ರಕಾರ, ಮದ್ಯ ಮುಟ್ಟದವರ ಪ್ರಮಾಣ ಅಲ್ಲಿನ ಮೂಲನಿವಾಸಿಗಳಲ್ಲೇ ಉಳಿದವರಿಗಿಂತ ಜಾಸ್ತಿ. ಕುಡಿಯುವವರಲ್ಲಿ ಅಳತೆ ಮೀರುವವರು ಹೆಚ್ಚು, ಅದೂ ನಿಜ.

ಹಾಗಂತ ಅಮಲು ಅವರಿಗೆ ಗೊತ್ತೇ ಇರಲಿಲ್ಲ ಅಂತಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಒಂದು ಜಾತಿಯ ನೀಲಗಿರಿ ಮರದ ರಸ ತಾನೇ ಹುಳಿ ಬಂದು ಅಮಲೇರಿಸುತ್ತಿತ್ತು. ರಸ ಸಿಗುವಷ್ಟು ದಿನ ಕುಡಿತ, ಆಮೇಲೆ ಇಲ್ಲ. ಅಂಗಡಿಯ ಬಾಟಲಿ ವರ್ಷವಿಡೀ ಸಿಗುತ್ತದೆ. ಜೊತೆಗೆ ಇನ್ನೊಂದು ತೊಡಕು. ಬೇಟೆಗಾರರಲ್ಲಿ ಸಿಕ್ಕಿದ್ದನ್ನು ಕೂಡಿಡುವ ರೂಢಿ ಕಡಿಮೆ. ಎಲ್ಲರಿಗೂ ಹಂಚಬೇಕು. ಮಾಂಸಕ್ಕೆ ಇಷ್ಟು ಒಳ್ಳೆಯ ಪದ್ಧತಿ ಇನ್ನೊಂದಿಲ್ಲ. ಅದೇ ಪದ್ಧತಿ ಬಾಟಲಿಗೂ ಬಂದರೆ? ತಂದದ್ದೆಲ್ಲ ಮುಗಿಯುವ ತನಕ ಎಲ್ಲರೂ ಕುಡಿಯಬೇಕು. ಬೇಡ ಅಂದವನು ನೆಂಟಸ್ತನವನ್ನೇ ಬೇಡ ಅಂದ ಹಾಗೆ.

ಬಾಟಲಿ ಬರುವುದಾದರೂ ಯಾವಾಗ? ಕಾಡು ಕೈತಪ್ಪಿದ ಮೇಲೆ. ಆಫ್ರಿಕಾದ ಬೋಟ್ಸ್ವಾನಾ ಸರ್ಕಾರ 1997ರಲ್ಲಿ, ಮತ್ತೆ 2002ರಲ್ಲಿ, ಬೇಟೆಯಾಡಿ ಬದುಕುತ್ತಿದ್ದ ಸ್ಯಾನ್ ಜನರನ್ನು ಮಧ್ಯ ಕಲಹರಿಯ ಅಭಯಾರಣ್ಯದಿಂದ ಎಬ್ಬಿಸಿ ನ್ಯೂ ಕ್ಸಾಡೆಯಂಥ ಕಾಲೊನಿಗಳಿಗೆ ಸಾಗಿಸಿತು. ಬೇಟೆ ಇಲ್ಲ, ಕೆಲಸ ಇಲ್ಲ, ರೇಷನ್ನಿಗೆ ಕಾಯುವುದು. ಅಲ್ಲಿ ಕುಡಿತ ಹೆಚ್ಚಿದ್ದಕ್ಕೆ ಆಶ್ಚರ್ಯಪಡುವುದೇನಿದೆ? ಎಬ್ಬಿಸಿದ್ದು ತಪ್ಪು ಅಂತ ಹೈಕೋರ್ಟು 2006ರಲ್ಲಿ ಹೇಳಿತು. ಅಷ್ಟರಲ್ಲಿ ಆಗುವ ಹಾಳೆಲ್ಲ ಆಗಿತ್ತು.

ನಮ್ಮದೇ ಲಿಟಲ್ ಅಂಡಮಾನಿನದು ಇನ್ನೂ ಘೋರ. 2008ರ ಡಿಸೆಂಬರಿನಲ್ಲಿ ದಡಕ್ಕೆ ತೇಲಿಬಂದ ಕ್ಯಾನಿನಲ್ಲಿದ್ದದ್ದು ಮದ್ಯ ಅಂದುಕೊಂಡು ಕುಡಿದ 8 ಮಂದಿ ಓಂಗೆಗಳು ಸತ್ತರು. ಆ ಬುಡಕಟ್ಟಿನಲ್ಲಿ ಉಳಿದಿದ್ದವರೇ ಸುಮಾರು ನೂರು ಜನ.

ಹಾಗಾದರೆ ನಿಷೇಧ ಮಾಡಿಬಿಡೋಣವಾ? ಯಾರು ಮಾಡುತ್ತಾರೆ ಅನ್ನುವುದರ ಮೇಲಿದೆ. 2007ರಲ್ಲಿ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ನಾರ್ದರ್ನ್ ಟೆರಿಟರಿಯ ಮೂಲನಿವಾಸಿ ಹಳ್ಳಿಗಳ ಮೇಲೆ ಮದ್ಯನಿಷೇಧ ಹೇರಿತು. ಜನಾಂಗಭೇದ ತಡೆಯುವ ಕಾಯಿದೆಯನ್ನೇ ಬದಿಗಿಟ್ಟಿತು, ಸೈನ್ಯವನ್ನೂ ಕಳಿಸಿತು. ತಮಾಷೆ ಏನು ಗೊತ್ತಾ, ಅದರಲ್ಲಿ ಎಷ್ಟೋ ಹಳ್ಳಿಗಳು ಆ ಮೊದಲೇ ತಾವಾಗಿಯೇ ಮದ್ಯ ಬಿಟ್ಟಿದ್ದವು!

ಅದೇ ವರ್ಷ ಪಶ್ಚಿಮ ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ಕ್ರಾಸಿಂಗ್‌ನಲ್ಲಿ ಸಾಲು ಸಾಲು ಸಾವು ನೋಡಿ ಸಾಕಾದ ಹೆಂಗಸರೇ ಎದ್ದರು. ಮುಂದೆ ನಿಂತವರಲ್ಲಿ ಬುನುಬಾ ಸಮುದಾಯದ ಜೂನ್ ಆಸ್ಕರ್ ಒಬ್ಬರು. ಮನೆಗೊಯ್ಯಲು ಲೈಟ್ ಬಿಯರ್ ಬಿಟ್ಟು ಬೇರೇನೂ ಮಾರಬಾರದು ಅಂತ ಹಟ ಹಿಡಿದು ಆದೇಶ ಮಾಡಿಸಿಕೊಂಡರು. ಊರಿನಲ್ಲೇ ಬೈದವರಿದ್ದರು. ದೂರದ ಪೇಟೆಗೆ ಹೋಗಿ ತಂದು ಕುಡಿದವರೂ ಇದ್ದರು. ಆದರೂ ಹೊಡೆತ ತಿಂದು ಆಸ್ಪತ್ರೆಗೆ ಬರುವವರು ಕಡಿಮೆಯಾದರು. ಆಮೇಲೆ ಆ ಹೆಂಗಸರೇ, ಗರ್ಭದಲ್ಲಿದ್ದಾಗಲೇ ಮದ್ಯದಿಂದ ಪೆಟ್ಟು ತಿಂದ ಮಕ್ಕಳು ಎಷ್ಟಿದ್ದಾರೆ ಅಂತ ವೈದ್ಯರನ್ನು ಕರೆಸಿ ಲೆಕ್ಕ ಹಾಕಿಸಿದರು. ಬರುವ ಉತ್ತರ ಕಹಿಯಾಗಿರುತ್ತದೆ ಅಂತ ಗೊತ್ತಿದ್ದೂ.