ದುಡಿದವರ ಕಥೆಯನ್ನೂ ಬರೆಯಿರಿ

1961ರಿಂದ 1979ರವರೆಗೆ ದಕ್ಷಿಣ ಕೊರಿಯಾವನ್ನು ಆಳಿದ ಸೇನಾ ನಾಯಕ ಪಾರ್ಕ್ ಚುಂಗ್ ಹೀ ಅವರ ಬಿಗಿ ಆಡಳಿತದಿಂದಲೇ ಆ ದೇಶ ಮೇಲೆ ಬಂತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಉಕ್ಕು, ಹೆದ್ದಾರಿ, ರಫ್ತು ಎಲ್ಲ ಸರಿ. ಆದರೆ ದುಡಿದವರ ಬಗ್ಗೆ ಒಂದು ಸಾಲೂ ಇಲ್ವಲ್ಲ, ಅದು ಬೇಜಾರಾಯಿತು.

ರಾಜಧಾನಿ ಸೋಲ್‌ನ ಪ್ಯೊಂಗ್‌ಹ್ವಾ ಮಾರುಕಟ್ಟೆಯಲ್ಲಿ ಆಗ ಸಾಲು ಸಾಲು ಹೊಲಿಗೆ ಅಂಗಡಿಗಳಿದ್ದವು. ಜಾಗ ಉಳಿಸಲು ಒಂದೇ ಕೋಣೆಗೆ ಅಟ್ಟ ಹಾಕಿ ಎರಡು ಮಾಡಿದ್ದರು. ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಹದಿಹರೆಯದ ಹುಡುಗಿಯರು ಬಟ್ಟೆಯ ಧೂಳು ಕುಡಿಯುತ್ತಾ ದಿನಕ್ಕೆ 14 ಗಂಟೆ ಹೊಲಿಯುತ್ತಿದ್ದರು. ಅಲ್ಲೇ ದರ್ಜಿಯಾಗಿದ್ದ ಚೊನ್ ತೇ-ಇಲ್ ತನ್ನ ಬಸ್ಸಿನ ದುಡ್ಡಲ್ಲಿ ಹಸಿದ ಹುಡುಗಿಯರಿಗೆ ತಿಂಡಿ ಕೊಡಿಸಿ, ತಾನು ಮನೆಗೆ ನಡೆದೇ ಹೋಗುತ್ತಿದ್ದ. ಕಾರ್ಮಿಕ ಕಾನೂನು ಆಗಲೇ ಇತ್ತು, 1953ರದ್ದು. ಅದನ್ನು ಕಷ್ಟಪಟ್ಟು ಓದಿಕೊಂಡು ಅಧಿಕಾರಿಗಳಿಗೆ ಅರ್ಜಿ ಕೊಟ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ನವೆಂಬರ್ 13ರಂದು ಮೈಗೆ ಬೆಂಕಿ ಹಚ್ಚಿಕೊಂಡು, ‘ನಾವು ಯಂತ್ರಗಳಲ್ಲ’ ಅಂತ ಕೂಗುತ್ತಾ ಓಡಿದ. ವಯಸ್ಸು ಬರೀ 22. ಅದೇ ತಿಂಗಳು ಅಲ್ಲಿನ ಹೊಲಿಗೆಯವರು ಸಂಘ ಕಟ್ಟಿದರು. ಅವನ ತಾಯಿ ಲೀ ಸೋ-ಸನ್ 2011ರಲ್ಲಿ ತೀರಿಕೊಳ್ಳುವವರೆಗೂ ಕಾರ್ಮಿಕರ ಜೊತೆ ನಿಂತರು. ಎಂಥಾ ತಾಯಿ!

‘ನಮಗೂ ಇಂಥ ಸರ್ವಾಧಿಕಾರಿ ಬೇಕು’ ಅಂತ ಲೇಖನದ ಕೆಳಗೆ ಪ್ರತಿಕ್ರಿಯೆಗಳಲ್ಲಿ ಕೆಲವರು ಬರೆದಿದ್ದಾರೆ. ದಯವಿಟ್ಟು ಸುಮ್ನೆ ಹಾಗೆ ಹೇಳಬೇಡಿ. ಪಾರ್ಕ್ ನಂತರವೂ ಮುಂದುವರಿದ ಅಂಥ ಸೇನಾ ಆಡಳಿತ ಕೊರಿಯಾದವರೇ ಬೇಡ ಅಂದರು. 1980ರಲ್ಲಿ ಗ್ವಾಂಗ್‌ಜು ನಗರದಲ್ಲಿ ಸೈನಿಕರ ಗುಂಡಿಗೆ ಎದೆಯೊಡ್ಡಿದರು. 1987ರ ಜೂನ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದು, ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕು ಪಡೆದರು. ಅದರ ಬೆನ್ನಿಗೇ ಕಾರ್ಖಾನೆಗಳಲ್ಲಿ ದೊಡ್ಡ ಮುಷ್ಕರಗಳಾಗಿ ಕೂಲಿ ಜಾಸ್ತಿಯಾಯಿತು. ಕೊರಿಯಾ ಬದಲಾದದ್ದರಲ್ಲಿ ಇದಕ್ಕೂ ದೊಡ್ಡ ಪಾಲಿದೆ ಅಲ್ವಾ? ಮುಂದಿನ ಲೇಖನದಲ್ಲಿ 1987ರ ಬಗ್ಗೆ ಬರೆಯಿರಿ ಸರ್.