ಪೊರಕೆಯ ಏಟು ತಿಂದ ಮೇಲೂ ಓಡಿದ ಟಾಮ್

ಟಾಮ್ ಮತ್ತು ಜೆರ್ರಿಯ ಕೊನೆಕೊನೆಯ ಚಿತ್ರಗಳಲ್ಲಿ ಹಳೆಯ ಕಸುವಿಲ್ಲ ಎನ್ನುವವರು ‘ಟಾಟ್ ವಾಚರ್ಸ್’ ಅನ್ನು ಇನ್ನೊಮ್ಮೆ ನೋಡಬೇಕು. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ ಎಂಜಿಎಂ ಎಂಬ ಹಾಲಿವುಡ್ ಸ್ಟುಡಿಯೊಗಾಗಿ ಮಾಡಿದ ಈ ಜೋಡಿಯ 114 ಚಿತ್ರಗಳಲ್ಲಿ ಇದೇ ಕೊನೆಯದು. 1958ರ ಆಗಸ್ಟ್‌ನಲ್ಲಿ ಇದು ತೆರೆಕಾಣುವಷ್ಟರಲ್ಲಿ ಎಂಜಿಎಂನ ಕಾರ್ಟೂನ್ ವಿಭಾಗಕ್ಕೆ ಬೀಗ ಬಿದ್ದಾಗಿತ್ತು.

ಮಗುವನ್ನು ನೋಡಿಕೊಳ್ಳಲು ಬಂದ ಜೀನಿ ಎಂಬ ಹುಡುಗಿ ಫೋನ್ ಹಿಡಿದು ಕೂರುತ್ತಾಳೆ. ಮಗು ಅಂಬೆಗಾಲಿಡುತ್ತಾ ಹೊರಟೇಬಿಡುತ್ತದೆ. ಟಾಮ್ ಹೋಗಿ ಎತ್ತಿ ತಂದರೆ, ಮಗುವಿನ ತಂಟೆಗೆ ಹೋದನೆಂದು ಅವನಿಗೇ ಪೊರಕೆಯ ಏಟು. ಸಾಕಾಗಿಹೋಗಿ, ಮಗು ಮತ್ತೆ ಹೊರಟಾಗ ಟಾಮ್ ಸುಮ್ಮನಿದ್ದುಬಿಡುತ್ತಾನೆ. ನನಗೇನು, ಹೋಗಲಿ ಎಂಬಂತೆ. ಆದರೆ ಮಗು ಬೀದಿ ದಾಟಿ, ಕಟ್ಟುತ್ತಿರುವ ಗಗನಚುಂಬಿ ಕಟ್ಟಡದೊಳಗೆ ಹೋದದ್ದೇ ತಡ, ಬೆಕ್ಕೂ ಇಲಿಯೂ ಎದ್ದುಬಿದ್ದು ಓಡುತ್ತವೆ. ನನಗೆ ಇಡೀ ಚಿತ್ರವೇ ಆ ಓಟ. ಅನ್ಯಾಯದ ಏಟು ಇನ್ನೂ ಉರಿಯುತ್ತಿರುವಾಗಲೂ ಜೀವ ತಡೆಯುವುದಿಲ್ಲವಲ್ಲ, ಅದನ್ನು ಒಂದೂ ಮಾತಿಲ್ಲದೆ ತೋರಿಸಿದ್ದಾರೆ.

ಆಮೇಲಿನದೆಲ್ಲ ಉಕ್ಕಿನ ತೊಲೆಗಳ ಮೇಲೆ. ಜೆರ್ರಿ ಮಗುವಿನ ಲಂಗೋಟಿ ಹಿಡಿದರೆ ಅದು ಬಿಚ್ಚಿಕೊಂಡು ಮಗು ಕೆಳಗೆ ಬೀಳುತ್ತದೆ, ಟಾಮ್ ಹಿಡಿದುಕೊಳ್ಳುತ್ತಾನೆ. ಮಗು ಬಿದ್ದಿತೆಂದು ಇಬ್ಬರೂ ಸಿಮೆಂಟ್ ಕಲಸುವ ಯಂತ್ರಕ್ಕೇ ಹಾರಿದರೆ, ಮಗು ಮೇಲೆ ಸುತ್ತಿಗೆ ಹಿಡಿದು ಆಡುತ್ತಿರುತ್ತದೆ! ಕೊನೆಗೆ ಮಗುವನ್ನು ಮನೆ ಸೇರಿಸಿದವರನ್ನೇ ಮಕ್ಕಳ ಕಳ್ಳರೆಂದು ಪೊಲೀಸನೊಬ್ಬ ಹಿಡಿಯುತ್ತಾನೆ.

ಇದನ್ನು ‘ಫೋನ್ ಹುಚ್ಚಿನ ದುಷ್ಪರಿಣಾಮ’ ಎಂದು ಹಂಚಿಕೊಳ್ಳುವವರನ್ನು ಕಂಡರೆ ನನಗೆ ಬೇಸರ. ಜೀನಿ ತಪ್ಪು ಮಾಡಿದಳು, ಸರಿ. ಆದರೆ ಕಣ್ಣಿಗೆ ಬೀಳಬೇಕಾದವರು ಅವಳಲ್ಲ, ಯಾರೂ ಹೇಳದೆಯೇ ಮಗುವಿನ ಹಿಂದೆ ಓಡಿದವರು.

ಅಕ್ಕನ ಮಗಳು ಒಂಬತ್ತು ತಿಂಗಳಿದ್ದಾಗ, ನಾನು ಒಲೆ ಆರಿಸಲು ತಿರುಗಿದಷ್ಟರಲ್ಲಿ ಹಿತ್ತಿಲ ಮೆಟ್ಟಿಲ ಅಂಚಿಗೆ ಹೋಗಿದ್ದಳು. ಒಂದು ಅಂಗೈ ಆಗಲೇ ಗಾಳಿಯಲ್ಲಿತ್ತು. ಹಿಂದಿನಿಂದ ಫ್ರಾಕ್ ಹಿಡಿದೆಳೆದೆ. ಅವಳು ನನ್ನ ಮೇಲೆಯೇ ಸಿಟ್ಟಾಗಿ ಚೀರಿದಳು. ಅಕ್ಕ ಓಡಿ ಬಂದು, “ಯಾಕೆ ಅಳಿಸಿದೆ ಮಗುವನ್ನು?” ಎಂದಳು. ನಾನು ಏನೂ ಹೇಳಲಿಲ್ಲ. ನನ್ನ ಕೈ ಇನ್ನೂ ನಡುಗುತ್ತಿತ್ತು.

ಚಿತ್ರದ ಕೊನೆಯಲ್ಲಿ ಟಾಮ್ ಮತ್ತು ಜೆರ್ರಿಯ ಮಾತನ್ನು ಆ ಪೊಲೀಸನೂ ನಂಬುವುದಿಲ್ಲ. ಅಷ್ಟರಲ್ಲಿ ಅವನ ಕಾರಿನ ಪಕ್ಕದಲ್ಲೇ ಅದೇ ಮಗು ಅಂಬೆಗಾಲಿಡುತ್ತಾ ಹಾದುಹೋಗುತ್ತದೆ.