ಅಗ್ಗದ ಚಕ್ರದ ಪರ ಒಂದು ವಕಾಲತ್ತು

ಕಳೆದ ಭಾನುವಾರ ಬೆಳಿಗ್ಗೆ ನನ್ನ ಕಾರಿನ ಮುಂದಿನ ಎಡ ಚಕ್ರ ಕಾರಿಗಿಂತ ಮೊದಲೇ ಮೋರಿ ಸೇರಿತು.

ಗಾಬರಿ ಬೇಡ, ರಿಮೋಟ್ ಕಾರು. ಒಂದಕ್ಕೆ ಹತ್ತು ಸ್ಕೇಲಿನದು, ಅಂದರೆ ನಿಜ ಕಾರಿನ ಹತ್ತನೇ ಒಂದು ಭಾಗದಷ್ಟು. ಟಮಿಯಾ ಕಂಪನಿಯ ಟಿಟಿ-02 ಮಾಡೆಲ್. ಮೈಸೂರಿನ ರಿಂಗ್ ರೋಡ್ ಆಚೆ ಒಂದು ಲೇಔಟ್ ಇದೆ. ಟಾರು ಹಾಕಿದ್ದಾರೆ, ಕರೆಂಟು ಕಂಬ ನಿಲ್ಲಿಸಿದ್ದಾರೆ, ಮನೆ ಮಾತ್ರ ಒಂದೂ ಎದ್ದಿಲ್ಲ. ನಮ್ಮಂಥವರಿಗೆ ಅದೇ ರೇಸ್ ಟ್ರ್ಯಾಕ್. ನಾಲ್ಕು ನಾಯಿ, ಎರಡು ಹಸು, ನಾನು ಮತ್ತು ತಂಗಿ ಮಗ. ಚಕ್ರ ಉರುಳಿಕೊಂಡು ಹೋಗಿದ್ದನ್ನು ನೋಡಿ ಅವನು ಹೇಳಿದ್ದು ಒಂದೇ ಮಾತು: "ಮಾವ, ಕಂಪನಿದೇ ತಗೋಬೇಕಿತ್ತು."

ಈ ಪೋಸ್ಟ್ ಆ ಮಾತಿಗೆ ಉತ್ತರ. ಅವತ್ತು ಬಾಯಲ್ಲಿ ಹೇಳಲಿಲ್ಲ. ಮೋರಿಗೆ ಕೈ ಹಾಕಿದ್ದೆ.

ಈ ಹವ್ಯಾಸದಲ್ಲಿ ಇರೋರಿಗೆಲ್ಲ ಗೊತ್ತು, ಅಗ್ಗದ ಚಕ್ರ ಅಂದ ಕೂಡಲೇ "ಕಾಸಿಗೆ ತಕ್ಕ ಕಜ್ಜಾಯ" ಅಂತ ಮೂಗು ಮುರಿಯೋ ಗುಂಪೊಂದಿದೆ. ನಾನು ಆ ಗುಂಪಲ್ಲಿಲ್ಲ. ನಾಲ್ಕು ಚಕ್ರದ ಸೆಟ್ಟಿಗೆ 700 ರೂಪಾಯಿ ಕೊಟ್ಟಿದ್ದೇನೆ, ಟೈರ್ ಅಂಟಿಸಿಯೇ ಬಂದಿತ್ತು, ಹೆಸರಿಲ್ಲದ ಮಾಲು. ಮತ್ತೆ ತಗೋತೀನಿ. ಚಕ್ರ ಕಳಚಿದ ತಪ್ಪು 700 ರೂಪಾಯಿದಲ್ಲ, ನನ್ನದು.

ಏನಾಯ್ತು ಅಂತ ಹೇಳ್ತೀನಿ. ಈ ಕಾರಿನ ಆಕ್ಸಲ್‌ನಲ್ಲಿ ಒಂದು ಅಡ್ಡ ತೂತು ಇರುತ್ತೆ. ಅದರಲ್ಲಿ 2 ಎಂಎಂ ದಪ್ಪದ ಪಿನ್ನು. ಪಿನ್ನಿನ ಮೇಲೆ ಆರು ಮೂಲೆಯ ಒಂದು ಬಿಲ್ಲೆ ಕೂರುತ್ತೆ, ಅದೇ ಹೆಕ್ಸ್. ಅಡ್ಡ ಅಳತೆ 12 ಎಂಎಂ. ಚಕ್ರದ ಹಿಂಬದಿಯಲ್ಲಿ ಅದಕ್ಕೆ ಸರಿಯಾದ ಗುಳಿ. ಗುಳಿ ಹೆಕ್ಸ್ ಮೇಲೆ ಕೂತ ಮೇಲೆ ಹೊರಗಿನಿಂದ ಎಂ4 ನಟ್ಟು, 7 ಎಂಎಂ ಸ್ಪ್ಯಾನರ್. ಇಷ್ಟೇ. ಒಂದಕ್ಕೆ ಹತ್ತು ಸ್ಕೇಲಿನ ಬಹುಪಾಲು ಕಾರುಗಳಿಗೆ ಇದೇ 12 ಎಂಎಂ ಲೆಕ್ಕ. ಅದಕ್ಕೇ ಯಾರೋ ಮಾಡಿದ ಚಕ್ರ ಇನ್ಯಾರದೋ ಕಾರಿಗೆ ಕೂರೋದು.

ಆದರೆ "ಕೂರೋದು" ಬೇರೆ, "ಸರಿಯಾಗಿ ಕೂರೋದು" ಬೇರೆ. ನಟ್ಟಿನ ತುದಿಯಲ್ಲಿ ನೈಲಾನ್ ಬಳೆ ಇರುತ್ತೆ ನೋಡಿ, ಆಕ್ಸಲ್‌ನ ಮರೆ, ಅಂದರೆ ತಿರುಪಿನ ಸುತ್ತು, ಅದನ್ನು ಹಾದು ಹೊರಗೆ ಇಣುಕಬೇಕು. ಆಗಲೇ ಹಿಡಿತ. ಈ ಹೊಸ ಚಕ್ರದ ನಡುಭಾಗ ಹಳೆಯದಕ್ಕಿಂತ ಒಂದೆರಡು ಎಂಎಂ ದಪ್ಪ. ನಟ್ಟು ಬಿಗಿಯಾಯ್ತು ಅಂತ ಕೈಗೆ ಅನ್ನಿಸಿತು, ಆದರೆ ಮರೆ ನೈಲಾನ್ ಮುಟ್ಟಿರಲೇ ಇಲ್ಲ. ಸುಮ್ನೆ ಒಂದು ಸಲ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಹೆಕ್ಸ್ ಬದಲಿಸಿ ತೆಳ್ಳಗಿನದು ಹಾಕಿದೆ. ಈಗ ಮರೆ ಇಣುಕುತ್ತಿದೆ, ಚಕ್ರ ಎಲ್ಲೂ ಹೋಗಿಲ್ಲ.

ಪಿನ್ನಿನ ವಿಷಯ ಬಂತಲ್ಲ. ಚಕ್ರ ಬಿಚ್ಚಿದಾಗ ಹೆಕ್ಸ್ ಜಾರುತ್ತೆ, ಹೆಕ್ಸ್ ಜಾರಿದರೆ ಪಿನ್ನು ಬೀಳುತ್ತೆ, ಪಿನ್ನು ಬಿದ್ದರೆ ಹುಲ್ಲಲ್ಲೇ ಬೀಳುತ್ತೆ. ಇದು ನಿಯಮ. ಒಡೆದ ಸ್ಪೀಕರಿನ ಅಯಸ್ಕಾಂತ ಒಂದು ಜೇಬಲ್ಲಿ ಇಟ್ಟುಕೊಂಡಿರಿ, ದೇವರಿಗೆ ಹರಕೆ ಹೊರೋದು ತಪ್ಪುತ್ತೆ.

ನನ್ನ ಮೊದಲ ಅಗ್ಗದ ಸೆಟ್ಟು ಇದಕ್ಕಿಂತ ದೊಡ್ಡ ಕಥೆ. ಫೋಟೋದಲ್ಲಿ ಫಳಫಳ ಕಪ್ಪು ಟೈರು, ಹತ್ತು ಕಡ್ಡಿಯ ರಿಮ್ಮು, ನೋಡಿದರೆ ಮುದ್ದು ಮಾಡಬೇಕು ಅನ್ನಿಸೋ ಹಾಗಿತ್ತು. ಡಬ್ಬ ಬಿಚ್ಚಿ ಉಗುರಿಂದ ತಟ್ಟಿದೆ. ಟಕ್ ಟಕ್! ರಬ್ಬರೇ ಅಲ್ಲ, ಗಟ್ಟಿ ಪ್ಲಾಸ್ಟಿಕ್ಕು. ಡ್ರಿಫ್ಟ್ ಟೈರ್ ಅಂದರೆ ಇದೇ, ಬೇಕಂತಲೇ ಜಾರಲಿ ಅಂತ ಮಾಡೋದು. ಅದನ್ನು ಓದದೆ ಬಣ್ಣ ನೋಡಿ ಕೊಂಡವನು ನಾನು. ಟಾರಿನ ಮೇಲೆ ಕಾರು ಬುಗುರಿ ಹಾಗೆ ತಿರುಗಿತು. ತಂಗಿ ಮಗನಿಗೆ ಮಾತ್ರ ಹಬ್ಬ. ಇವತ್ತಿಗೂ ಆ ಸೆಟ್ಟು ಅವನದೇ, ಅವರ ಮನೆ ಟೆರೇಸಿನ ಟೈಲ್ಸ್ ಮೇಲೆ ಗಿರಗಿರ ಸುತ್ತಿಸ್ತಾನೆ. ಅಂದರೆ ಆ ಚಕ್ರವೂ ಕೆಟ್ಟದ್ದಲ್ಲ, ನನ್ನ ರಸ್ತೆಯದ್ದಲ್ಲ ಅಷ್ಟೇ.

ಇನ್ನು ಆಫ್‌ಸೆಟ್. ಹೆಕ್ಸ್ ಗುಳಿ ರಿಮ್ಮಿನ ನಡುವಿಂದ ಎಷ್ಟು ಒಳಗೆ ಅಥವಾ ಹೊರಗೆ ಇದೆ ಅನ್ನೋ ಲೆಕ್ಕ. ಆಫ್‌ಸೆಟ್ 3 ಎಂಎಂ ಜಾಸ್ತಿಯಾದರೆ ಎರಡು ಬದಿ ಸೇರಿ ಕಾರು 6 ಎಂಎಂ ಅಗಲ. ನೋಡೋಕೆ ಚೆನ್ನಾಗಿ ಎದೆ ಉಬ್ಬಿಸಿ ನಿಲ್ಲುತ್ತೆ, ನಿಜ. ಆದರೆ ಪೂರ್ತಿ ತಿರುಗಿಸಿದಾಗ ಮುಂದಿನ ಟೈರು ಬಾಡಿಗೆ ತಾಗಿ ಕಿರ್ರ್ ಅನ್ನುತ್ತೆ. ಬಾಡಿ ಪಾಲಿಕಾರ್ಬೊನೇಟ್, ಬಗ್ಗಿದ ಕತ್ತರಿಯಲ್ಲಿ ಕತ್ತರಿಸಬಹುದು. ಕತ್ತರಿಸಿ ಕತ್ತರಿಸಿ ನನ್ನ ಕಾರಿನ ಫೆಂಡರು ಇಲಿ ಕಡಿದ ರೊಟ್ಟಿ ಥರ ಆಗಿದೆ. ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ, ಚಕ್ರವನ್ನು ಎಡಬಲಕ್ಕೆ ತಿರುಗಿಸೋ ಸಣ್ಣ ಮೋಟರ್, ಅಂದರೆ ಸ್ಟೀರಿಂಗ್ ಸರ್ವೋ ಮೇಲೆ ಭಾರ ಬೀಳೋದು ಬೇರೆ.

ಚಕ್ರ ದೊಡ್ಡದು ಹಾಕ್ತೀನಿ ಅನ್ನೋರಿಗೂ ಒಂದು ಮಾತು. 63 ಎಂಎಂ ಇದ್ದ ಟೈರನ್ನು 68 ಮಾಡಿದರೆ ಒಂದು ಸುತ್ತಿಗೆ 198 ಎಂಎಂ ಓಡುತ್ತಿದ್ದದ್ದು 214 ಓಡುತ್ತೆ. ಗೇರ್ ಬದಲಿಸಿದ ಹಾಗೇ ಅದು. ವೇಗ ಸಿಗುತ್ತೆ, ಬದಲಿಗೆ ಮೋಟರ್ ಬಿಸಿಯಾಗುತ್ತೆ. ಐದು ನಿಮಿಷ ಓಡಿಸಿ ಮೋಟರ್ ಮೇಲೆ ಬೆರಳಿಡಿ. ಮೂರು ಎಣಿಸೋವರೆಗೂ ಇಡಲು ಆಗದಿದ್ದರೆ ಒಂದು ಹಲ್ಲು ಕಡಿಮೆ ಇರೋ ಪಿನಿಯನ್ (ಮೋಟರಿನ ತುದಿಯ ಸಣ್ಣ ಗೇರ್) ಹಾಕಿ.

ಅಗ್ಗದ ಚಕ್ರ ಅಲುಗಾಡುತ್ತೆ ಅಂತಾರೆ. ಹೌದು, ಕೆಲವು ಅಲುಗಾಡ್ತವೆ. ನಾನು ಮಾಡೋದು ಇಷ್ಟೇ: ಚಕ್ರವನ್ನು ಸುಮ್ನೆ ತಿರುಗುವ ಒಂದು ಆಕ್ಸಲ್‌ಗೆ ಹಾಕಿ ಬಿಟ್ಟುಬಿಡ್ತೀನಿ. ಭಾರದ ಬದಿ ನಿಧಾನವಾಗಿ ಕೆಳಗೆ ಬಂದು ನಿಲ್ಲುತ್ತೆ. ಅದರ ಎದುರು ಬದಿಗೆ, ರಿಮ್ಮಿನ ಒಳಗೆ, ಕಡಲೆಕಾಳಿನಷ್ಟು ಎಂ-ಸೀಲ್. ಮತ್ತೆ ತಿರುಗಿಸಿ ನೋಡೋದು, ಜಾಸ್ತಿಯಾದರೆ ಚಿವುಟೋದು. ಟೈರಿನ ಅಂಚು ಎಲ್ಲಾದರೂ ಬಿಟ್ಟುಕೊಂಡಿದ್ದರೆ ಒಂದು ತೊಟ್ಟು ಫೆವಿಕ್ವಿಕ್. ಒಂದು ಸಂಜೆಯ ಕೆಲಸ, ಕಾಫಿ ಜೊತೆ. ಹಲ್ಲು ಉಜ್ಜೋ ಹಳೇ ಬ್ರಷ್ ತಗೊಂಡು ಪಾತ್ರೆ ಸೋಪಿನಲ್ಲಿ ಹೊಸ ಟೈರ್ ತೊಳೆದರೆ ಅಚ್ಚಿನ ಎಣ್ಣೆ ಹೋಗಿ ಮೊದಲ ದಿನವೇ ಹಿಡಿತ ಸಿಗುತ್ತೆ.

ಈಗ ನನ್ನ ನಿಜವಾದ ವಾದಕ್ಕೆ ಬರ್ತೀನಿ. ಅಗ್ಗದ ಪ್ಲಾಸ್ಟಿಕ್ ಚಕ್ರ ಒಡೆಯುತ್ತೆ ಅನ್ನೋದೇ ಅದರ ದೊಡ್ಡ ಗುಣ. ಗೆಳೆಯರೊಬ್ಬರು "ಗಟ್ಟಿ ಇರಲಿ" ಅಂತ ಅಲ್ಯೂಮಿನಿಯಂ ಚಕ್ರ ಹಾಕಿಸಿದ್ದರು. ಫುಟ್‌ಪಾತ್ ಕಲ್ಲಿಗೆ ಇಬ್ಬರೂ ಒಂದೇ ತಿಂಗಳಲ್ಲಿ ಗುದ್ದಿದೆವು. ನನ್ನ ಚಕ್ರದ ಮೂರು ಕಡ್ಡಿ ಮುರಿದವು. ಅವರ ಚಕ್ರಕ್ಕೆ ಗೀರು ಮಾತ್ರ, ಆದರೆ ಆಕ್ಸಲ್ ಬಗ್ಗಿತ್ತು, ಅದನ್ನು ಹಿಡಿದಿರೋ ಪ್ಲಾಸ್ಟಿಕ್ ಭಾಗ ಎರಡಾಗಿತ್ತು. ಗುದ್ದಿದ ಪೆಟ್ಟು ಎಲ್ಲೋ ಒಂದು ಕಡೆ ಹೋಗಲೇಬೇಕಲ್ವಾ? ಮನೆಯ ಫ್ಯೂಸ್ ಥರ. ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಹಾಕಿದರೆ ಮನೆಯ ವೈರಿಂಗೇ ಸುಡುತ್ತೆ. ನಾನು ಮುಂದಿನ ವಾರ ಹೊಸ ಚಕ್ರ ಹಾಕಿ ಓಡಿಸಿದೆ. ಅವರು ಬಿಡಿಭಾಗಕ್ಕೆ ಒಂದೂವರೆ ತಿಂಗಳು ಕಾದರು. 2020ರ ನವೆಂಬರಿನಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್‌ನ ಆ್ಯಪ್ ನಮ್ಮಲ್ಲಿ ಬ್ಯಾನ್ ಆದ ಮೇಲೆ ಸಣ್ಣಪುಟ್ಟ ಬಿಡಿಭಾಗ ತರಿಸೋದು ಎಷ್ಟು ಕಷ್ಟ ಅಂತ ಗೊತ್ತಲ್ಲ.

ಬಂಡೆ ಹತ್ತೋ ಕ್ರಾಲರ್ ಕಾರುಗಳ ಮಾತು ಬೇರೆ. ಅಲ್ಲಿ ಹಿತ್ತಾಳೆ ಚಕ್ರ ಹಾಕೋದೇ ಭಾರಕ್ಕೆ, ಭಾರ ಕೆಳಗಿದ್ದರೆ ಕಾರು ಮಗುಚಲ್ಲ ಅಂತ. ಅವು ನಡಿಗೆ ವೇಗದಲ್ಲಿ ಹೋಗ್ತವೆ, ಗುದ್ದೋ ಪ್ರಶ್ನೆಯೇ ಕಡಿಮೆ. ರೇಸಿಗೆ ಹೋಗೋರು ಒಳ್ಳೆ ರಬ್ಬರ್ ಕೊಳ್ಳಲಿ, ಅದರಲ್ಲೂ ತಕರಾರಿಲ್ಲ. ಆದರೆ ಭಾನುವಾರ ಖಾಲಿ ಲೇಔಟಿನಲ್ಲಿ, ಜಲ್ಲಿ ಎದ್ದ ರಸ್ತೆಯಲ್ಲಿ ಓಡಿಸೋನು ದುಬಾರಿ ಟೈರು ಹಾಕಿದರೆ ಅದು ಎರಡೇ ತಿಂಗಳಲ್ಲಿ ನುಣ್ಣಗೆ. ಉಳಿದ ದುಡ್ಡಿಗೆ ಬೇರಿಂಗ್ ಹಾಕಿಸಿ. ಟಿಟಿ-02 ಕಿಟ್ ಜೊತೆ ಸಾಮಾನ್ಯವಾಗಿ ಬರೋದು ಪ್ಲಾಸ್ಟಿಕ್ ಬುಷ್, ಅಂದರೆ ಒಳಗೆ ಗುಂಡುಗಳಿಲ್ಲದ ಬರೀ ಬಳೆ. 5×11 ಎಂಎಂ ಬಾಲ್ ಬೇರಿಂಗ್ ಹಾಕಿ ಚಕ್ರ ಬೆರಳಿಂದ ತಿರುಗಿಸಿದರೆ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಅಲ್ಲಿ ಮಾತ್ರ ಜಿಪುಣತನ ಬೇಡ.

ಮೋರಿಗೆ ಬಿದ್ದ ಚಕ್ರ ಸಿಕ್ಕಿತು, ತೊಳೆದು ಹಾಕಿದ್ದೇನೆ. ನಟ್ಟು ಸಿಗಲಿಲ್ಲ. ನಿನ್ನೆ ರಾತ್ರಿ ತಂಗಿ ಮಗ ಫೋನ್ ಮಾಡಿದ್ದ. "ಮಾವ, ಆ 700 ರೂಪಾಯಿ ಸೆಟ್ಟಲ್ಲಿ ಬಿಳಿ ರಿಮ್ ಇದೆಯಾ?"